ತಾರಸಿಯಿಂದ ಎಸೆದ ಚೆಂಡು: ಗೈಡಿನ ಉತ್ತರ 15 ಮೀಟರ್, ಮಗಳದ್ದು 8.8. ಯಾರದ್ದು ಸರಿ?

ಅಂಬಲಪಾಡಿ ಅಮ್ಮ
ಶುಕ್ರವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಕಾಮರ್ಸ್ ಓದಿದವಳು. ಫಿಸಿಕ್ಸ್ ಪುಸ್ತಕ ಮುಟ್ಟದೆ 20 ವರ್ಷದ ಮೇಲಾಯ್ತು. ಮಗಳು ಫಸ್ಟ್ ಪಿಯು ಸೈನ್ಸ್. ಎರಡು ದಿನದಿಂದ ಒಂದೇ ಲೆಕ್ಕ ಹಿಡಿದು ಕೂತಿದ್ದಾಳೆ, ಊಟಕ್ಕೆ ಕರೆದರೂ ಏಳುವುದಿಲ್ಲ. ಲೆಕ್ಕ ಇಷ್ಟೇ:

6 ಮೀಟರ್ ಎತ್ತರದ ತಾರಸಿಯ ಅಂಚಿನಿಂದ ಒಂದು ಚೆಂಡನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, 30 ಡಿಗ್ರಿ ಮೇಲಕ್ಕೆ ಓರೆಯಾಗಿ ಎಸೆದರೆ ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ? ಗೋಡೆಯ ಬುಡದಿಂದ ಎಷ್ಟು ದೂರದಲ್ಲಿ ನೆಲಕ್ಕೆ ಬೀಳುತ್ತದೆ? ಜಿ (ಭೂಮಿಯ ಸೆಳೆತದ ಲೆಕ್ಕ) = 9.8.

ಅವಳು ಪುಸ್ತಕದ ಸೂತ್ರ ಹಾಕಿದಳು. ಸಮಯ = 2 × ವೇಗ × ಸೈನ್ ಥೀಟಾ ÷ ಜಿ. (ಥೀಟಾ ಅಂದರೆ ಎಸೆದ ಕೋನವಂತೆ.) ಬಂದದ್ದು 1.02 ಸೆಕೆಂಡ್. ರೇಂಜ್ (ಬೀಳುವ ದೂರ) = ವೇಗದ ವರ್ಗ × ಸೈನ್ 2 ಥೀಟಾ ÷ ಜಿ. ಬಂದದ್ದು 8.84 ಮೀಟರ್. ಗೈಡಿನ ಹಿಂದಿನ ಪುಟದಲ್ಲಿ 1.73 ಸೆಕೆಂಡ್, 15 ಮೀಟರ್ ಅಂತ ಉಂಟು. ಹೇಗೆ ಬಂತು ಅಂತ ಒಂದು ಸಾಲೂ ಇಲ್ಲ. ಟ್ಯೂಷನ್‌ನಲ್ಲಿ ಕೇಳಿದ್ದಕ್ಕೆ "ಪ್ರಿಂಟ್ ಮಿಸ್ಟೇಕ್ ಇರಬೇಕು, ಬಿಡು" ಎಂದರಂತೆ. ಅವಳು ಬಿಡುವ ಪೈಕಿ ಅಲ್ಲ. ಯಾರಾದರೂ ನೋಡ್ತೀರಾ?

ಕುಡ್ಲದ ಕುಕ್ಕು
ಶುಕ್ರವಾರ, ರಾತ್ರಿ 9:31

ಅಕ್ಕಾ, ಎರಡೂ ತಪ್ಪು ಅಂತ ನನಗೆ ಕಾಣುತ್ತದೆ. ನಿಮ್ಮ ಮಗಳು ಚೆಂಡು ತಾರಸಿ ಮಟ್ಟಕ್ಕೆ ವಾಪಸ್ ಬರುವವರೆಗೆ ಮಾತ್ರ ಲೆಕ್ಕ ಹಾಕಿದ್ದಾಳೆ. ಅದಕ್ಕೆ 1.02. ಅಲ್ಲಿಂದ ನೆಲಕ್ಕೆ ಇನ್ನೂ 6 ಮೀಟರ್ ಉಂಟಲ್ಲ? 6 ಮೀಟರ್ ಬೀಳಲಿಕ್ಕೆ 1.11 ಸೆಕೆಂಡ್ ಬೇಕು. ಕೂಡಿಸಿದರೆ 2.13 ಸೆಕೆಂಡ್. ಅಡ್ಡ ವೇಗ 8.66. ಗುಣಿಸಿದರೆ 18.4 ಮೀಟರ್. ಗೈಡಿನವರಿಗೆ ಕೂಡಿಸಲಿಕ್ಕೆ ಬರುವುದಿಲ್ಲ, ಅಷ್ಟೇ.

ಸಿಇಟಿ ಹುಡುಗ
ಶುಕ್ರವಾರ, ರಾತ್ರಿ 9:40

ಗೈಡ್ ಕರೆಕ್ಟ್. ಸೂತ್ರ ಬೇರೆ ಉಂಟು, ಎತ್ತರ ಸೇರಿಸಿದ್ದು. ಬಾಯಿಪಾಠ ಮಾಡಿಕೊಳ್ಳಿ, ಸಿಇಟಿಯಲ್ಲಿ ಯೋಚನೆ ಮಾಡಲಿಕ್ಕೆ ಟೈಮ್ ಇರುವುದಿಲ್ಲ. ಮತ್ತೆ ಜಿ 10 ಅಂತ ಹಾಕಿ. ಅಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ. 10 ಹಾಕಿದರೆ 14.76 ಬರ್ತದೆ. ಆಪ್ಷನ್‌ನಲ್ಲಿ ಹತ್ತಿರ ಇರುವುದಕ್ಕೆ ಟಿಕ್ ಹಾಕಿದರೆ ಮುಗಿಯಿತು.

ನಿವೃತ್ತ ಮಾಷ್ಟ್ರು
ಶುಕ್ರವಾರ, ರಾತ್ರಿ 10:25

ಅಮ್ಮಾ, ಮಗಳಿಗೆ ಊಟ ಮಾಡಲು ಹೇಳಿ. ಗೈಡ್ ಸರಿ ಇದೆ. ಮಗಳ ಸೂತ್ರವೂ ಸರಿ ಇದೆ, ಆದರೆ ಈ ಲೆಕ್ಕಕ್ಕೆ ಅದು ಹೊಂದುವುದಿಲ್ಲ. 30 ವರ್ಷ ಪಾಠ ಮಾಡಿದ್ದೇನೆ. ಪ್ರತಿ ವರ್ಷ ಅರ್ಧ ಕ್ಲಾಸು ಇಲ್ಲೇ ಎಡವುತ್ತಿತ್ತು.

ಮೊದಲು ಸೂತ್ರ ಪಕ್ಕಕ್ಕಿಡಿ. ನೀವು ಸಿಟಿ ಬಸ್ಸಿನಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಕೈಯಲ್ಲಿರುವ ಚೆಂಡನ್ನು ನೇರ ಮೇಲಕ್ಕೆ ಹಾರಿಸಿ ಹಿಡಿಯುತ್ತೀರಿ. ನಿಮ್ಮ ಕಣ್ಣಿಗೆ ಚೆಂಡು ಸುಮ್ನೆ ಮೇಲೆ ಹೋಗಿ ಕೆಳಗೆ ಬಂತು. ರಸ್ತೆ ಬದಿಯಲ್ಲಿ ನಿಂತವನಿಗೆ ಅದೇ ಚೆಂಡು ಬಿಲ್ಲಿನ ಹಾಗೆ ಬಾಗಿ ಮುಂದೆ ಹೋಯಿತು. ಎರಡೂ ಒಂದೇ ಚೆಂಡು, ಒಂದೇ ಹೊತ್ತು. ಬಸ್ಸು ಜೋರಾಗಿ ಹೋದರೂ ಮೆಲ್ಲ ಹೋದರೂ ಚೆಂಡು ಕೈಗೆ ಬರುವ ಸಮಯ ಬದಲಾಗುವುದಿಲ್ಲ, ಡ್ರೈವರ್ ಕಲ್ಸಂಕದಲ್ಲಿ ಬ್ರೇಕ್ ಒತ್ತದಿದ್ದರೆ. ಸಮಯವನ್ನು ಹೇಳುವುದು ಮೇಲೆ-ಕೆಳಗೆ ಹೋಗುವ ಚಲನೆ ಮಾತ್ರ. ಅಡ್ಡ ಚಲನೆಗೆ ಅದರಲ್ಲಿ ಮಾತೇ ಇಲ್ಲ. ಸಮಯ ಸಿಕ್ಕಿದ ಮೇಲೆ ಅಡ್ಡ ವೇಗದಿಂದ ಗುಣಿಸಿದರೆ ದೂರ.

ಈಗ ನಿಮ್ಮ ಲೆಕ್ಕ. ಸೆಕೆಂಡಿಗೆ 10 ಮೀಟರ್, 30 ಡಿಗ್ರಿ. ಮೇಲ್ಮುಖ ಪಾಲು 10 × ಸೈನ್ 30, ಅಂದರೆ 5. ಅಡ್ಡ ಪಾಲು 10 × ಕಾಸ್ 30, ಅಂದರೆ 8.66. ಹೊರಟ ಜಾಗವನ್ನು ಸೊನ್ನೆ ಎಂದುಕೊಂಡರೆ ನೆಲ ಇರುವುದು ಮೈನಸ್ 6ರಲ್ಲಿ. ಚೆಂಡು ಅಲ್ಲಿಗೆ ಯಾವಾಗ ಮುಟ್ಟುತ್ತದೆ?

−6 = 5ಟಿ − 4.9ಟಿ²

ಟಿ ಅಂದರೆ ಸಮಯ, 4.9 ಅಂದರೆ ಜಿಯ ಅರ್ಧ. ವರ್ಗ ಸಮೀಕರಣ. ಬಿಡಿಸಿದರೆ ಟಿ = (5 + 11.94) ÷ 9.8 = 1.73 ಸೆಕೆಂಡ್. ದೂರ 8.66 × 1.73. ಗೈಡಿನ 15 ಬಂತು. ಬಿಡಿಸಿ ಹೇಳುವುದಾದರೆ 14.97.

ಪುಸ್ತಕದ ಸೂತ್ರ ಬಂದದ್ದೂ ಇದೇ ದಾರಿಯಲ್ಲಿ. ಎಡಗಡೆ −6ರ ಬದಲು ಸೊನ್ನೆ ಹಾಕಿದರೆ ಟಿ = 10 ÷ 9.8 ಬರುತ್ತದೆ. ಅದೇ ಮಗಳ 1.02. ಹೊರಟ ಮಟ್ಟಕ್ಕೇ ವಾಪಸ್ ಬಂದು ಬೀಳುವ ಚೆಂಡಿಗೆ ಮಾತ್ರ ಅದು. ಈ ಮಾತು ಪುಸ್ತಕದಲ್ಲಿ ಇರುತ್ತದೆ. ಆದರೆ ಸೂತ್ರದ ಸುತ್ತ ಬಾಕ್ಸ್ ಹಾಕಿರುತ್ತಾರೆ, ಮಕ್ಕಳ ಕಣ್ಣು ಬಾಕ್ಸಿಗೇ ಹೋಗುತ್ತದೆ.

ಕುಡ್ಲದ ಕುಕ್ಕು
ಶುಕ್ರವಾರ, ರಾತ್ರಿ 10:33

ಮಾಷ್ಟ್ರೆ, ಹಾಗಾದರೆ ನನ್ನದು ಎಲ್ಲಿ ತಪ್ಪಿತು? ತಾರಸಿ ಮಟ್ಟಕ್ಕೆ 1.02, ಅಲ್ಲಿಂದ 6 ಮೀಟರ್ ಬೀಳಲಿಕ್ಕೆ 1.11. ಎರಡೂ ಸರಿಯೇ ಅಲ್ವಾ?

ನಿವೃತ್ತ ಮಾಷ್ಟ್ರು
ಶುಕ್ರವಾರ, ರಾತ್ರಿ 10:51

ಎರಡನೆಯದು ಸರಿ ಅಲ್ಲ. 1.11 ಸೆಕೆಂಡ್ ಬೇಕಾಗುವುದು ಚೆಂಡು ತಾರಸಿ ಮಟ್ಟದಲ್ಲಿ ನಿಂತು, ಅಲ್ಲಿಂದ ಬೀಳಲು ಶುರು ಮಾಡಿದರೆ. ನಿಮ್ಮ ಚೆಂಡು ಅಲ್ಲಿ ನಿಲ್ಲುವುದೇ ಇಲ್ಲವಲ್ಲ. 5ರಲ್ಲಿ ಮೇಲೆ ಹೋದದ್ದು ಅದೇ ಮಟ್ಟಕ್ಕೆ ಬರುವಾಗ 5ರಲ್ಲೇ ಕೆಳಗೆ ಇಳಿಯುತ್ತಿರುತ್ತದೆ. ಮೊದಲೇ ಓಟದಲ್ಲಿರುವ ಚೆಂಡಿಗೆ ಆ 6 ಮೀಟರ್ ಇಳಿಯಲು 0.71 ಸೆಕೆಂಡ್ ಸಾಕು. 1.02 + 0.71 = 1.73. ನಿಮ್ಮ ದಾರಿ ಒಳ್ಳೆಯದೇ, ಒಂದು ಸಂಖ್ಯೆ ಮಾತ್ರ ಬದಲಿಸಿಕೊಳ್ಳಿ.

ಇನ್ನೊಂದು ಚಂದದ ಸಂಗತಿ. ಆ ವರ್ಗ ಸಮೀಕರಣಕ್ಕೆ ಎರಡನೇ ಉತ್ತರವೂ ಇದೆ: ಮೈನಸ್ 0.71 ಸೆಕೆಂಡ್. ಎಲ್ಲರೂ "ಮೈನಸ್ ಸಮಯ ಇಲ್ಲ" ಅಂತ ಹೊಡೆದು ಹಾಕುತ್ತಾರೆ. ಹೊಡೆಯುವ ಮುಂಚೆ ಒಮ್ಮೆ ನೋಡಿ. ಅದೇ 0.71 ಅಲ್ಲವೇ? ಚೆಂಡು ತಾರಸಿಯಿಂದ ಹೊರಡದೆ ನೆಲದಿಂದಲೇ ಹೊರಟು, ಇದೇ ಬಿಲ್ಲಿನ ದಾರಿಯಲ್ಲಿ ಬಂದು ತಾರಸಿ ದಾಟಿದ್ದರೆ, 0.71 ಸೆಕೆಂಡ್ ಮೊದಲೇ ಹೊರಡಬೇಕಿತ್ತು. ಏರುವ ಬದಿಯೂ ಇಳಿಯುವ ಬದಿಯೂ ಸರಿಸಮ. ಗಣಿತ ಸುಳ್ಳು ಹೇಳಲಿಲ್ಲ, ನಾವು ಕೇಳದೇ ಇದ್ದದ್ದನ್ನೂ ಹೇಳಿತು.

ಅಂಬಲಪಾಡಿ ಅಮ್ಮ
ಶುಕ್ರವಾರ, ರಾತ್ರಿ 11:08

ಮಾಷ್ಟ್ರೆ, ಮಗಳು ಊಟ ಮಾಡಿದಳು! ಆ ಮೈನಸ್ ವಿಷಯ ಓದಿ ತಟ್ಟೆ ಹಿಡಿದುಕೊಂಡೇ ಪೇಪರ್ ತೆಗೆದಳು. ನನಗೆ ಬಸ್ಸಿನವರೆಗೆ ಅರ್ಥ ಆಯ್ತು. ಆಮೇಲಿನದ್ದು ಅವಳ ಪಾಲಿಗೆ. ಅವಳ ಪ್ರಶ್ನೆ: 45 ಡಿಗ್ರಿಯಲ್ಲಿ ಎಸೆದಿದ್ದರೆ ಇನ್ನೂ ದೂರ ಹೋಗುತ್ತಿತ್ತಾ? 45ಕ್ಕೆ ಎಲ್ಲಕ್ಕಿಂತ ಜಾಸ್ತಿ ಅಂತ ಕ್ಲಾಸಲ್ಲಿ ಹೇಳಿದ್ದಾರಂತೆ.

ಸಿಇಟಿ ಹುಡುಗ
ಶುಕ್ರವಾರ, ರಾತ್ರಿ 11:15

ಹೌದು, 45. ಇದು ಒಂದು ಮಾರ್ಕಿನ ಪ್ರಶ್ನೆ. ಅದರ ಜೊತೆ 30 ಮತ್ತು 60ಕ್ಕೆ ರೇಂಜ್ ಒಂದೇ, ಅದೂ ಕೇಳ್ತಾರೆ.

ಅಜ್ಜರಕಾಡಿನ ಗುಂಡಕ್ಕ
ಶನಿವಾರ, ಬೆಳಿಗ್ಗೆ 6:48

ಬೆಳಿಗ್ಗೆ ಬೆಳಿಗ್ಗೆ ಇದನ್ನು ಓದಿ ಸುಮ್ಮನಿರಲಿಕ್ಕೆ ಆಗಲಿಲ್ಲ. ನಾನು ಕಾಲೇಜು ದಿನಗಳಲ್ಲಿ ಅಜ್ಜರಕಾಡು ಮೈದಾನದಲ್ಲಿ ಗುಂಡು ಎಸೆಯುತ್ತಿದ್ದವಳು. ಹೆಂಗಸರ ಗುಂಡು, 4 ಕೆಜಿ. ನಮ್ಮ ಕೋಚ್ ಒಮ್ಮೆಯೂ 45 ಅಂತ ಹೇಳಿದವರಲ್ಲ. "ಆಕಾಶಕ್ಕೆ ಎಸೆಯಬೇಡ, ಎದುರಿಗೆ ತಳ್ಳು" ಎನ್ನುತ್ತಿದ್ದರು. ಆಗ ನನಗೆ ಪುಸ್ತಕದ 45 ತಲೆಯಲ್ಲಿ. ಕೋಚ್‌ಗೆ ಫಿಸಿಕ್ಸ್ ಗೊತ್ತಿಲ್ಲ ಅಂದುಕೊಂಡಿದ್ದೆ. ಗೊತ್ತಿಲ್ಲದ್ದು ನನಗೆ ಅಂತ ಆಮೇಲೆ ತಿಳಿಯಿತು.

45 ಇರುವುದು ಹೊರಟ ಮಟ್ಟದಲ್ಲೇ ಬೀಳುವ ವಸ್ತುವಿಗೆ. ಗುಂಡು ಕೈ ಬಿಡುವುದು ತಲೆಗಿಂತ ಮೇಲೆ, ಸುಮಾರು 2 ಮೀಟರ್ ಎತ್ತರದಲ್ಲಿ. ಬೀಳುವುದು ನೆಲಕ್ಕೆ. ಸೆಕೆಂಡಿಗೆ 10 ಮೀಟರ್ ವೇಗ ಇದ್ದರೆ ಒಳ್ಳೆಯ ಕೋನ 40 ಡಿಗ್ರಿ. ಆಗ 12.04 ಮೀಟರ್. 45ಕ್ಕೆ 11.92. ಹನ್ನೆರಡು ಸೆಂಟಿಮೀಟರ್ ಅಂದರೆ ಮನೆಯಲ್ಲಿ ಕೂತವರಿಗೆ ಒಂದು ಗೇಣೂ ಅಲ್ಲ. ಮೈದಾನದಲ್ಲಿ ಅದು ಪದಕ.

ಇಷ್ಟಕ್ಕೇ ಮುಗಿಯುವುದಿಲ್ಲ. ನಿಜವಾದ ಎಸೆತಗಾರರು 40ಕ್ಕೂ ಕೆಳಗೆ, ಸುಮಾರು 35ರಿಂದ 38ರಲ್ಲಿ ಬಿಡುತ್ತಾರೆ. ಯಾಕೆಂದರೆ ಮೈ ಅದು ಗಣಿತದ ಪುಸ್ತಕ ಅಲ್ಲ. ಮೇಲಕ್ಕೆ ತಳ್ಳುವಾಗ ಗುಂಡಿನ ಭಾರವನ್ನೂ ಎತ್ತಬೇಕು, ತೋಳಿನ ಬಲ ಎದುರಿಗೆ ತಳ್ಳಿದಷ್ಟು ಬರುವುದಿಲ್ಲ. ಕೋನ ಸ್ವಲ್ಪ ತಗ್ಗಿಸಿದರೆ ವೇಗ ಏರುತ್ತದೆ. 37 ಡಿಗ್ರಿಯಲ್ಲಿ ವೇಗ 10ರಿಂದ 10.3ಕ್ಕೆ ಏರಿದರೆ ಸಾಕು, 12.60 ಮೀಟರ್ ಹೋಗುತ್ತದೆ. ಅರ್ಧ ಮೀಟರಿಗಿಂತ ಜಾಸ್ತಿ ಲಾಭ. ರೇಂಜ್‌ನಲ್ಲಿ ವೇಗ ವರ್ಗವಾಗಿ ಬರುತ್ತದೆ, ಅಲ್ವಾ? ಕೋನದ ತಲೆಬಿಸಿಗಿಂತ ವೇಗದ ತಲೆಬಿಸಿ ಒಳ್ಳೆಯದು.

ನಿಮ್ಮ ತಾರಸಿಗೂ ಹೀಗೇ. ಮಗಳು ಲೆಕ್ಕ ಹಾಕಿ ನೋಡಲಿ.

ನಿವೃತ್ತ ಮಾಷ್ಟ್ರು
ಶನಿವಾರ, ಬೆಳಿಗ್ಗೆ 8:02

ಗುಂಡಕ್ಕ ಹೇಳಿದ್ದು ನೂರಕ್ಕೆ ನೂರು. ತಾರಸಿ ಲೆಕ್ಕದಲ್ಲಿ 45 ಹಾಕಿದರೆ ಚೆಂಡು 2.04 ಸೆಕೆಂಡ್ ಹಾರುತ್ತದೆ, ಆದರೆ ಬೀಳುವುದು 14.44 ಮೀಟರಿನಲ್ಲಿ. 30ಕ್ಕಿಂತ ಅರ್ಧ ಮೀಟರ್ ಹಿಂದೆ! ಜಾಸ್ತಿ ಹೊತ್ತು ಹಾರಿದ ಮಾತ್ರಕ್ಕೆ ಜಾಸ್ತಿ ದೂರ ಹೋಗಬೇಕೆಂದಿಲ್ಲ. ಸರಿಯಾದ ಕೋನ 34 ಡಿಗ್ರಿ, ಆಗ 15.05. ಅದನ್ನು ಹುಡುಕುವ ದಾರಿ: ವೇಗವನ್ನು "ವೇಗದ ವರ್ಗ + 2 × ಜಿ × ಎತ್ತರ"ದ ವರ್ಗಮೂಲದಿಂದ ಭಾಗಿಸಿ. ಅದು ಆ ಕೋನದ ಟ್ಯಾನ್. ಎತ್ತರ ಸೊನ್ನೆ ಆದರೆ ಟ್ಯಾನ್ 1, ಅಂದರೆ ನಮ್ಮ ಹಳೇ 45.

ಸಿಇಟಿ ಹುಡುಗನ 30 ಮತ್ತು 60ರ ಮಾತೂ ಸಮತಟ್ಟು ನೆಲಕ್ಕೆ ಮಾತ್ರ. ಅಲ್ಲಿ ಎರಡಕ್ಕೂ 8.84 ಮೀಟರ್, ಸಮಯ ಮಾತ್ರ 1.02 ಮತ್ತು 1.77. ತಾರಸಿ ಬಂದರೆ ಆ ಜೋಡಿಯೂ ಮುರಿಯಿತು. ಬಾಯಿಪಾಠಕ್ಕೆ ನನ್ನ ವಿರೋಧ ಇರುವುದೇ ಇದಕ್ಕೆ.

ಬಜ್ಪೆ ಬ್ಯಾಟ್ಸ್‌ಮನ್
ಶನಿವಾರ, ಬೆಳಿಗ್ಗೆ 9:20

ನೀರಜ್ ಚೋಪ್ರಾ ದೋಹಾದಲ್ಲಿ 90.23 ಮೀಟರ್ ಎಸೆದರಲ್ಲ, 2025ರಲ್ಲಿ. ಅದಕ್ಕೂ ಇದೇ ಲೆಕ್ಕವಾ?

ಅಜ್ಜರಕಾಡಿನ ಗುಂಡಕ್ಕ
ಶನಿವಾರ, ಬೆಳಿಗ್ಗೆ 9:44

ಇಲ್ಲ. ಜಾವೆಲಿನ್ ಗಾಳಿಯ ಮೇಲೆ ಒರಗಿಕೊಂಡು ಹೋಗುತ್ತದೆ. ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. 1984ರಲ್ಲಿ ಉವೆ ಹೋನ್ ಎಂಬ ಜರ್ಮನ್ 104.80 ಮೀಟರ್ ಎಸೆದುಬಿಟ್ಟ. ಹೀಗೇ ಬಿಟ್ಟರೆ ಮೈದಾನ ಸಾಲುವುದಿಲ್ಲ ಅಂತಾಯ್ತು. 1986ರಿಂದ ಗಂಡಸರ ಜಾವೆಲಿನ್‌ನ ಭಾರದ ಕೇಂದ್ರವನ್ನು 4 ಸೆಂಟಿಮೀಟರ್ ಮುಂದೆ ಸರಿಸಿದರು, ಮೂತಿ ಬೇಗ ಬಗ್ಗಲಿ ಅಂತ. ಗುಂಡಿಗೆ ಆ ಕಿರಿಕಿರಿ ಇಲ್ಲ. ಗಾಳಿ ಅದನ್ನು ಕೇಳುವುದೇ ಇಲ್ಲ.

ಮಲ್ಪೆ ಮರಳು
ಶನಿವಾರ, ರಾತ್ರಿ 7:55

ನಿಮ್ಮ ಮಾತು ಓದಿ ಇವತ್ತು ಸಂಜೆ ತಮ್ಮನನ್ನು ಎಳೆದುಕೊಂಡು ಬೀಚಿಗೆ ಹೋದೆ. ಬಾಯಿಮಾತು ಸಾಕು, ಅಳತೆ ಮಾಡಿಯೇ ಬಿಡೋಣ ಅಂತ. ಟೆನಿಸ್ ಬಾಲ್ ಒಂದು. ಮೀಟರಿಗೊಂದು ಗಂಟು ಹಾಕಿದ ಹಳೇ ಬಲೆಯ ಹಗ್ಗ ಒಂದು. ಫೋನನ್ನು ಚಪ್ಪಲಿಗೆ ಒರಗಿಸಿ ನಿಲ್ಲಿಸಿ ಸ್ಲೋ ಮೋಷನ್ ವಿಡಿಯೋ. ಸೆಕೆಂಡಿಗೆ 120 ಫ್ರೇಮ್.

ನಾನು ಎದೆಮಟ್ಟದಿಂದ ಎಸೆಯುವುದು, ತಮ್ಮ ಎದೆಮಟ್ಟದಲ್ಲೇ ಹಿಡಿಯುವುದು. ಹಾಗಾದರೆ ಎತ್ತರದ ತಕರಾರೇ ಇಲ್ಲ, ಪುಸ್ತಕದ ಸೂತ್ರವೇ ಸಾಕು. ಅವನು ಹಿಡಿದ ಜಾಗದಲ್ಲಿ ಒದ್ದೆ ಮರಳಿಗೆ ಹಿಮ್ಮಡಿ ಒತ್ತಿ ಗುರುತು ಮಾಡುವುದು. ಮೊದಲ ನಾಲ್ಕು ಎಸೆತ ದಂಡ. ಒಂದಕ್ಕೆ ಅವನು ಬಗ್ಗಿ ಹಿಡಿದ, ಒಂದಕ್ಕೆ ನಾಯಿ ಬಂತು, ಎರಡಕ್ಕೆ ತೆರೆ ಬಂದು ಗುರುತೇ ಅಳಿಸಿ ಹೋಯಿತು.

ಐದನೆಯದು ಸಿಕ್ಕಿತು. ದೂರ 18 ಮೀಟರ್. ಮನೆಗೆ ಬಂದು ಫ್ರೇಮ್ ಎಣಿಸಿದೆ. ಕೈಯಿಂದ ಬಿಟ್ಟದ್ದರಿಂದ ಕೈಗೆ ಸಿಕ್ಕುವವರೆಗೆ 216 ಫ್ರೇಮ್. ಅಂದರೆ 1.8 ಸೆಕೆಂಡ್.

ಈಗ ಮಜಾ ನೋಡಿ. ಎಷ್ಟು ಜೋರಾಗಿ ಎಸೆದೆ, ಯಾವ ಕೋನದಲ್ಲಿ ಎಸೆದೆ, ನನಗೆ ಗೊತ್ತಿಲ್ಲ. ಆದರೂ ಸಮಯದಿಂದಲೇ ಎಲ್ಲ ಬರುತ್ತದೆ. ಮೇಲ್ಮುಖ ವೇಗ = 9.8 × 0.9 = 8.8. ಅಡ್ಡ ವೇಗ = 18 ÷ 1.8 = 10. ಕೋನ ಸುಮಾರು 41 ಡಿಗ್ರಿ. ಎಸೆದ ವೇಗ ಸೆಕೆಂಡಿಗೆ 13.3 ಮೀಟರ್, ಗಂಟೆಗೆ 48 ಕಿಲೋಮೀಟರ್. ಚೆಂಡು ಏರಿದ ಎತ್ತರ? ಸಮಯದ ವರ್ಗವನ್ನು ಜಿಯಿಂದ ಗುಣಿಸಿ 8ರಿಂದ ಭಾಗಿಸಿದರೆ ಸಾಕು. ಕೈಯಿಂದ 4 ಮೀಟರ್ ಮೇಲೆ. ದೂರ ಎಷ್ಟೇ ಇರಲಿ, ಸಮಯ ಗೊತ್ತಿದ್ದರೆ ಎತ್ತರ ಗೊತ್ತು. ಇದು ನನಗೆ ಹೊಸತು.

ಒಂದು ತೊಡಕು. ಇದು ಕಡಲಿನಿಂದ ದಡದ ಕಡೆಗೆ ಎಸೆದದ್ದು, ಬೆನ್ನಿಗೆ ಪಡುಗಾಳಿ. ತಿರುಗಿ ನಿಂತು ಕಡಲಿನ ಕಡೆ ಎಸೆದೆ. ಸಮಯ ಹೆಚ್ಚು ಕಡಿಮೆ ಅಷ್ಟೇ, ದೂರ ಮಾತ್ರ 14 ಮೀಟರ್ ಚಿಲ್ಲರೆ. ಕೈ ಸೋತಿತ್ತಾ, ಗಾಳಿಯಾ?

ನಿವೃತ್ತ ಮಾಷ್ಟ್ರು
ಶನಿವಾರ, ರಾತ್ರಿ 8:30

ಭೇಷ್! ಕ್ಲಾಸಿನಲ್ಲಿ ಇಂಥವರು ಇಬ್ಬರಿದ್ದರೆ ಸಾಕಿತ್ತು ನನಗೆ.

ಗಾಳಿಯೇ ಹೆಚ್ಚು. ಟೆನಿಸ್ ಬಾಲ್ 58 ಗ್ರಾಂ ಆಸುಪಾಸು, ಮೇಲೆ ರೋಮ ಬೇರೆ. ಸೆಕೆಂಡಿಗೆ 13 ಮೀಟರ್ ಹೋಗುವಾಗ ಗಾಳಿಯ ತಡೆ ಅದರ ತೂಕದ ಸುಮಾರು ಮೂರನೇ ಒಂದು ಪಾಲು. ಎದುರು ಗಾಳಿ ಇದ್ದರೆ ಇನ್ನೂ ಜಾಸ್ತಿ. ಗುಂಡಕ್ಕನ 4 ಕೆಜಿ ಗುಂಡಿಗೆ ಅದು ನೂರಕ್ಕೆ ಒಂದು ಪಾಲೂ ಇಲ್ಲ. ಹಾಗಾಗಿ ನಿಮ್ಮ ಅಡ್ಡ ವೇಗ 10 ಅನ್ನುವುದು ಸರಾಸರಿ. ಕೈ ಬಿಡುವಾಗ ಅದಕ್ಕಿಂತ ಹೆಚ್ಚಿರುತ್ತದೆ, ಹಿಡಿಯುವಾಗ ಕಡಿಮೆ. ಕೋನವೂ 41 ಅಂತ ಗಟ್ಟಿಯಾಗಿ ಹೇಳುವ ಹಾಗಿಲ್ಲ. ಎತ್ತರದ 4 ಮೀಟರ್ ಹೆಚ್ಚು ನಂಬಬಹುದಾದ ಸಂಖ್ಯೆ.

ಶಟಲ್ ಕಾಕ್ ತೆಗೆದುಕೊಂಡು ಹೋಗಬೇಡಿ, ದಯವಿಟ್ಟು. 5 ಗ್ರಾಂ ವಸ್ತು ಅದು. ನಮ್ಮ ಸೂತ್ರಕ್ಕೆ ಅದು ಸೊಪ್ಪು ಹಾಕುವುದಿಲ್ಲ.

ಕುಡ್ಲದ ಕುಕ್ಕು
ಶನಿವಾರ, ರಾತ್ರಿ 8:41

ಕಟೀಲು ಜಾತ್ರೆಯ ತೂಟೆದಾರಕ್ಕೆ? ಅತ್ತೂರು, ಕೊಡೆತ್ತೂರಿನವರು ಉರಿಯುವ ತೂಟೆ (ಒಣ ಗರಿಯ ಕಟ್ಟು) ಎಸೆಯುವಾಗ ಬಿಲ್ಲಿನ ಹಾಗೇ ಹೋಗ್ತದಲ್ಲ, ಕತ್ತಲಲ್ಲಿ ದಾರಿ ಪೂರ್ತಿ ಕಾಣ್ತದೆ.

ನಿವೃತ್ತ ಮಾಷ್ಟ್ರು
ಶನಿವಾರ, ರಾತ್ರಿ 8:50

ಕಾಣಲು ಬಿಲ್ಲಿನ ಹಾಗೆ, ಆದರೆ ಇಳಿಯುವ ಬದಿ ಏರುವ ಬದಿಗಿಂತ ಕಡಿದಾಗಿರುತ್ತದೆ. ಒಣ ಗರಿಯ ಕಟ್ಟು ಹಗುರ, ಅಗಲ ಜಾಸ್ತಿ, ತಿರುಗುತ್ತಾ ಹೋಗುತ್ತದೆ. ಗಾಳಿ ಅದನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ಮುಂದಿನ ಜಾತ್ರೆಯಲ್ಲಿ ದೂರ ನಿಂತು ಫೋಟೋ ತೆಗೆದು ನೋಡಿ. ದೂರ ನಿಂತು!

ಬತ್ತೇರಿ ಬದಿಯವ
ಭಾನುವಾರ, ಬೆಳಿಗ್ಗೆ 10:17

ಎಲ್ಲರೂ ಚೆಂಡು, ಗುಂಡು ಅಂತೀರಿ. ನಿಜವಾದ ಗುಂಡಿನ ಜಾಗ ನಮ್ಮ ಬೋಳೂರಿನಲ್ಲಿ ಉಂಟು. ಸುಲ್ತಾನ್ ಬತ್ತೇರಿ, ಟಿಪ್ಪು ಕಾಲದ್ದು, 1784. ಗುರುಪುರ ಹೊಳೆಗೆ ಹಡಗು ನುಗ್ಗದ ಹಾಗೆ ಕಾಯಲಿಕ್ಕೆ. ಬತ್ತೇರಿ ಅಂದರೆ ಫಿರಂಗಿ ಸಾಲು ಇಡುವ ಜಾಗ, ಬ್ಯಾಟರಿ ಅನ್ನುವ ಮಾತೇ ನಮ್ಮ ಬಾಯಲ್ಲಿ ಹೀಗಾದದ್ದು. ಈಗ ತಣ್ಣೀರುಬಾವಿಗೆ ದೋಣಿ ಕಾಯುವವರು ಆ ಕಿಂಡಿಗಳಲ್ಲಿ ಸೆಲ್ಫಿ ತೆಗೀತಾರೆ.

ನನ್ನ ಪ್ರಶ್ನೆ: ನೀರಿನಿಂದ 5 ಮೀಟರ್ ಮೇಲಿನ ಕಿಂಡಿಯಿಂದ ಫಿರಂಗಿ ನೇರ ಅಡ್ಡಕ್ಕೆ ಹೊಡೆದರೆ ಗುಂಡು ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ? ಮದ್ದು ಜಾಸ್ತಿ ತುಂಬಿದರೆ ಜಾಸ್ತಿ ಹೊತ್ತು ಅಂತ ನನ್ನ ವಾದ. ನನ್ನ ಹೆಂಡತಿ ಇಲ್ಲ ಅಂತಾಳೆ.

ಸಿಇಟಿ ಹುಡುಗ
ಭಾನುವಾರ, ಬೆಳಿಗ್ಗೆ 10:25

ನಿಮ್ಮ ಹೆಂಡತಿ ಹೇಳಿದ್ದೇ ಸರಿ ಅಣ್ಣ. ನೇರ ಅಡ್ಡ ಅಂದರೆ ಮೇಲ್ಮುಖ ವೇಗ ಸೊನ್ನೆ. 5 ಮೀಟರ್ ಬೀಳಲಿಕ್ಕೆ 1.01 ಸೆಕೆಂಡ್, ಮದ್ದು ಎಷ್ಟೇ ತುಂಬಲಿ. ಕಿಂಡಿಯಿಂದ ಸುಮ್ನೆ ಕೈಬಿಟ್ಟ ಗುಂಡೂ ಅದೇ ಹೊತ್ತಿಗೆ ನೀರಿಗೆ ಬೀಳ್ತದೆ. ಮದ್ದು ಜಾಸ್ತಿ ಆದರೆ ದೂರ ಜಾಸ್ತಿ, ಅಷ್ಟೇ. (ಮಾಷ್ಟ್ರೆ, ಈ ಸಲ ಸೂತ್ರ ನೋಡಲಿಲ್ಲ, ಬಸ್ಸು ನೆನೆಸಿಕೊಂಡೆ.)

ನಿವೃತ್ತ ಮಾಷ್ಟ್ರು
ಭಾನುವಾರ, ಬೆಳಿಗ್ಗೆ 10:58

ಶಹಬ್ಬಾಸ್. ಈ ವಿದ್ಯೆ ಹುಟ್ಟಿದ್ದೇ ಫಿರಂಗಿಯ ಹಿಂದೆ. ಇಟಲಿಯ ಗಣಿತಜ್ಞ ಟಾರ್ಟಾಗ್ಲಿಯಾ 1537ರಲ್ಲೇ 45 ಡಿಗ್ರಿಗೆ ಗುಂಡು ಹೆಚ್ಚು ದೂರ ಹೋಗುತ್ತದೆ ಎಂದು ಬರೆದ. ಆದರೆ ಗುಂಡಿನ ದಾರಿ ಯಾವ ಆಕಾರ ಎಂಬುದು ಅವನಿಗೆ ಸಿಕ್ಕಿರಲಿಲ್ಲ. ಅಡ್ಡವನ್ನೂ ನೆಟ್ಟಗಿನದ್ದನ್ನೂ ಬೇರೆ ಮಾಡಿ, ಅದು ಪ್ಯಾರಬೋಲ ಎಂದು 1638ರ ಪುಸ್ತಕದಲ್ಲಿ ತೋರಿಸಿದವನು ಗೆಲಿಲಿಯೋ. ನೂರು ವರ್ಷ ಬೇಕಾಯಿತು. ಮಗಳು ಎರಡು ದಿನ ತೆಗೆದುಕೊಂಡದ್ದು ಏನೂ ಹೆಚ್ಚಲ್ಲ.

ಬಜ್ಪೆ ಬ್ಯಾಟ್ಸ್‌ಮನ್
ಭಾನುವಾರ, ಮಧ್ಯಾಹ್ನ 12:10

ಜಿ 9.8 ಅಂತೀರಿ, ನಮ್ಮ ಊರಲ್ಲೂ ಅಷ್ಟೇನಾ? ಭೂಮಿಯ ನಡುವಿನ ಗೆರೆಗೆ ಹತ್ತಿರ ಹೋದಷ್ಟು ಕಡಿಮೆ ಅಂತ ಓದಿದ ನೆನಪು.

ನಿವೃತ್ತ ಮಾಷ್ಟ್ರು
ಭಾನುವಾರ, ಮಧ್ಯಾಹ್ನ 12:34

ಸರಿಯೇ. ಮಂಗಳೂರು, ಉಡುಪಿಯಲ್ಲಿ 9.78. ತಾರಸಿಯ ಚೆಂಡು 2 ಸೆಂಟಿಮೀಟರ್ ಮುಂದೆ ಬೀಳುತ್ತದೆ. ಪರೀಕ್ಷೆಯಲ್ಲಿ ಹೀಗೆ ಬರೆದು ಮಾರ್ಕು ಕಳೆದುಕೊಳ್ಳಬೇಡಿ.

ಅಂಬಲಪಾಡಿ ಅಮ್ಮ
ಭಾನುವಾರ, ಸಂಜೆ 6:40

ಎಲ್ಲರಿಗೂ ವರದಿ ಕೊಡಬೇಕು. ಬತ್ತೇರಿಯವರ ಪ್ರಶ್ನೆ ಓದಿ ಮಗಳು ಸುಮ್ಮನಿರಲಿಲ್ಲ. ನಮ್ಮ ತಾರಸಿಯೂ ಹೆಚ್ಚು ಕಡಿಮೆ 6 ಮೀಟರ್, ಬಟ್ಟೆ ಒಣಗಿಸುವ ಹಗ್ಗ ಇಳಿಬಿಟ್ಟು ಅಳೆದಳು. ತಮ್ಮನಿಗೆ ಒಂದು ರಬ್ಬರ್ ಚೆಂಡು, ಅವಳಿಗೆ ಒಂದು. ನಾನು ಕೆಳಗೆ ಅಂಗಳದಲ್ಲಿ. "ಒಂದು, ಎರಡು, ಮೂರು" ಅಂದಾಗ ಅವನು ಸುಮ್ನೆ ಕೈ ಬಿಡಬೇಕು, ಅವಳು ಅಡ್ಡಕ್ಕೆ ಎಸೆಯಬೇಕು. ಎರಡು ಸಲ ಅವನು ಮೊದಲೇ ಬಿಟ್ಟ, ಜಗಳ. ಮೂರನೇ ಸಲ ಒಟ್ಟಿಗೆ ಬಿಟ್ಟರು. ನಾನು ಕಣ್ಣು ಮುಚ್ಚಿ ನಿಂತಿದ್ದೆ. ಒಂದೇ "ಡಬ್" ಕೇಳಿತು ಮಾರಾಯ್ರೆ! ಎರಡಲ್ಲ, ಒಂದೇ. ಕಣ್ಣು ಬಿಟ್ಟರೆ ಒಂದು ಚೆಂಡು ನನ್ನ ಕಾಲಿನ ಹತ್ತಿರ, ಇನ್ನೊಂದು ತುಳಸಿಕಟ್ಟೆಯ ಆಚೆ. ಕಾಮರ್ಸ್‌ನವಳಿಗೂ ಮೈ ಜುಮ್ ಅಂತು.

ನಾಲ್ಕನೇ ಸಲ ಅವಳು ಜೋರು ತೋರಿಸಿದಳು. ಚೆಂಡು ಕಂಪೌಂಡ್ ಹಾರಿ ಪಕ್ಕದ ಮನೆಯ ಬಾವಿಗೆ ಬಿತ್ತು. ಅವರು ಮೊದಲೇ ನಮ್ಮ ಮೇಲೆ ಸಿಟ್ಟಲ್ಲಿದ್ದಾರೆ, ಹಲಸಿನ ಎಲೆ ವಿಷಯಕ್ಕೆ.

ಕುಡ್ಲದ ಕುಕ್ಕು
ಭಾನುವಾರ, ಸಂಜೆ 6:46

ಅಕ್ಕಾ, ಬಿದ್ದ ಶಬ್ದ ಎಷ್ಟು ಸೆಕೆಂಡಿಗೆ ಕೇಳಿತು ಹೇಳಿ. ಬಾವಿಯ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ ಹಾಕುವ. ಈ ಸಲ ಕೂಡಿಸುವಾಗ ತಪ್ಪುವುದಿಲ್ಲ.

ಅಂಬಲಪಾಡಿ ಅಮ್ಮ
ಭಾನುವಾರ, ಸಂಜೆ 7:15

ಲೆಕ್ಕ ಆಮೇಲೆ. ಅವರು ಈಗಷ್ಟೇ ಬಾಲ್ದಿಯಲ್ಲಿ ಚೆಂಡು ಎತ್ತಿ ಕಂಪೌಂಡ್ ಮೇಲೆ ಇಟ್ಟು ಹೋದರು. ಎಂತದೂ ಮಾತಾಡಲಿಲ್ಲ. ಮಗಳು ಅವರ ಹಗ್ಗಕ್ಕೆ ಎಷ್ಟು ಮೊಳ ಒದ್ದೆಯಾಗಿಲ್ಲ ಅಂತ ನೋಡಿ ಬಂದಿದ್ದಾಳೆ.